ಕನ್ನಡ ಕರಾವಳಿಯ ಎರಡು ದೀಪಗಳು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಗಪುರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅಂಬಾಝರಿ, ಫುಟಾಳಾ ಕೆರೆಗಳು ಗೊತ್ತು. ಕನ್ನಡ ನಾಡಿಗೆ ಕಡಲೂ ಉಂಟೆಂಬುದನ್ನು ಅವರು ಭೂಪಟದಲ್ಲಿ ಮಾತ್ರ ಕಂಡಿದ್ದಾರೆ.

ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ 1864ರಲ್ಲಿ ದೀಪಸ್ತಂಭ ಬೆಳಗಿತು. ಉಡುಪಿಯ ದಕ್ಷಿಣಕ್ಕೆ, ಕಾಪುವಿನ ಬಂಡೆಯ ಮೇಲಿನ ಸ್ತಂಭ 1901ರದು. ಆಗ ಮೊದಲನೆಯದು ಮುಂಬಯಿ ಪ್ರಾಂತಕ್ಕೆ, ಎರಡನೆಯದು ಮದರಾಸಿಗೆ ಸೇರಿದ್ದಿತು. ಆಳುವವರು ಬೇರೆಯಾದರೂ ನಾವಿಕನಿಗೆ ಕರಾವಳಿ ಒಂದೇ. ದೀಪಸ್ತಂಭಗಳು ಒಂದೊಂದೂ ತನ್ನದೇ ಲಯದಲ್ಲಿ ಮಿಂಚುತ್ತವೆ. ಆ ಮಿಂಚನ್ನೆಣಿಸಿ ಅವನು ಇದು ಇಂಥ ಊರೆಂದು ಅರಿತು, ಬಂಡೆಗಳಿಂದ ದೂರ ಸರಿಯುತ್ತಾನೆ.

1956ರ ನವೆಂಬರ್ 1ರಂದು ಈ ಎರಡು ದೀಪಗಳೂ ಒಂದೇ ರಾಜ್ಯದವಾದುವು. ಅಂದೇ ನಮ್ಮ ನಾಗಪುರ ಮಧ್ಯಪ್ರದೇಶವನ್ನು ಬಿಟ್ಟು ಮುಂಬಯಿ ರಾಜ್ಯವನ್ನು ಸೇರಿತು. ಗಡಿಗಳು ಬದಲಾದುವು, ದೀಪದ ಲಯದಿಂದ ಊರನ್ನು ಗುರುತಿಸುವಂತೆ, ನಮ್ಮನ್ನು ಗುರುತಿಸುವುದು ನಮ್ಮ ನುಡಿ. ಮನೆಯಲ್ಲಿ ಅದು ನಿಂತುಹೋದರೆ ಮಕ್ಕಳಿಗೆ ಅಜ್ಜಿಯ ಮಾತೂ ಅಪರಿಚಿತವಾದೀತು.

ಆದುದರಿಂದ ಒಂದು ಬಿನ್ನಹ. ಬೇಸಗೆಯ ರಜದಲ್ಲಿ ಊರಿಗೆ ಹೋದಾಗ ಮದುವೆ ಮುಂಜಿಗಳಲ್ಲೇ ದಿನವೆಲ್ಲ ಕಳೆಯದೆ ಎರಡು ದಿನ ಕರಾವಳಿಗೆ ಮೀಸಲಿಡಿ. ಕಾಪುವಿನ ಸುಮಾರು 27 ಮೀಟರಿನ ಸ್ತಂಭವನ್ನು ಸಂಜೆಯ ಹೊತ್ತು ಏರಬಹುದು. ಕಾರವಾರದಲ್ಲಿ, 2005ರಲ್ಲಿ ನೌಕಾದಳದಿಂದ ನಿವೃತ್ತವಾದ ‘ಚಪಲ್’ ಯುದ್ಧನೌಕೆ ಮರುವರ್ಷ ಕಡಲ ದಂಡೆಯಲ್ಲೇ ವಸ್ತುಸಂಗ್ರಹಾಲಯವಾಯಿತು. ಮಕ್ಕಳು ಪ್ರಶ್ನೆಗಳ ಸುರಿಮಳೆಗರೆಯುತ್ತಾರೆ. ಉತ್ತರವನ್ನು ಕನ್ನಡದಲ್ಲಿ ಹೇಳಿ. ದಡದ ಮೀನುಗಾರರನ್ನು ಅವರೇ ಕನ್ನಡದಲ್ಲಿ ಮಾತನಾಡಿಸಲಿ. ಕತ್ತಲಾದ ಮೇಲೆ ದೀಪದ ಮಿಂಚನ್ನೂ ಕನ್ನಡದಲ್ಲೇ ಎಣಿಸಲಿ.