ಸಾಲದ ಕಾಗದ ಕನ್ನಡದಲ್ಲಿ ಕೊಡಿ ಅನ್ನಿ

(ಐವರ್ನಾಡಿನಲ್ಲಿ ಊರಿನ ಯುವಕರ ಮುಂದೆ ಆಡಿದ ಮಾತು)



ನೀವೆಲ್ಲ ಊರಿಗೆ ಬಂದು ಎರಡು ದಿನ ಆಯಿತು. ನಾಳೆ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು. ಆದ್ದರಿಂದ ಉದ್ದದ ಭಾಷಣ ಬೇಡ, ನಿಮ್ಮ ತಲೆಯ ಮೇಲಿರುವ ಮನೆ ಸಾಲದ ಬಗ್ಗೆ ಮಾತಾಡೋಣ. ಸಾಲ ಇಲ್ಲದವರೂ ಕೇಳಿ, ನಾಳೆ ನಿಮಗೂ ಬೇಕಾಗುತ್ತದೆ.

2021ರಲ್ಲಿ ನಾನು 20 ಲಕ್ಷ ರೂಪಾಯಿ ಸಾಲ ಮಾಡಿದೆ. ಬಡ್ಡಿ ಶೇ. 7, ಅವಧಿ 20 ವರ್ಷ, ತಿಂಗಳ ಕಂತು 15,506 ರೂಪಾಯಿ. ಬ್ಯಾಂಕಿನ ಹೆಸರು ಬೇಡ ಬಿಡಿ. ಕಾಗದದ ಕಟ್ಟು ಪೂರ್ತಿ ಇಂಗ್ಲಿಷು. ಜಾಮೀನಿಗೆ ನಿಂತ ಅಪ್ಪ ಇಲ್ಲಿಂದ ಬಂದು, ಬೆರಳು ತೋರಿಸಿದ ಕಡೆಯಲ್ಲೆಲ್ಲ ಕನ್ನಡದಲ್ಲಿ ಸಹಿ ಮಾಡಿದರು. ಅವರು ಒಂದು ಸಾಲೂ ಓದಲಿಲ್ಲ. ಇಂಗ್ಲಿಷ್ ಬಲ್ಲ ನಾನೂ ಓದಲಿಲ್ಲ, ಸುಳ್ಳು ಯಾಕೆ ಹೇಳಲಿ?

2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಎಲ್ಲರ ಬಡ್ಡಿಯೂ ಏರಿತು. ನನ್ನ ಕಂತು ಮಾತ್ರ ಒಂದು ಪೈಸೆಯೂ ಹೆಚ್ಚಲಿಲ್ಲ. ಎಂಥ ಒಳ್ಳೆಯ ಬ್ಯಾಂಕು ಅಂದುಕೊಂಡೆ! ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತು, ಜಾಹೀರಾತೆಂದು ಅಳಿಸಿಬಿಟ್ಟಿದ್ದೆ. ಆಮೇಲೆ ಲೆಕ್ಕದ ಪಟ್ಟಿ ತೆಗೆಸಿ ನೋಡಿದರೆ, ಕೊನೆಯ ಕಂತಿನ ವರ್ಷ ನಾನು ನಿವೃತ್ತನಾದ ಎಷ್ಟೋ ಕಾಲದ ಮೇಲಿತ್ತು. ಕಂತು ಹಾಗೇ ಇಟ್ಟು ಅವಧಿಯನ್ನು ಎಳೆದಿದ್ದರು.

ಲೆಕ್ಕ ನೀವೇ ಹಾಕಿ ನೋಡಿ. ಇಂಥ ಸಾಲಕ್ಕೆ ಮೊದಲಲ್ಲೇ ಬಡ್ಡಿ ಶೇ. 9 ಆಯಿತೆನ್ನಿ. 20 ಲಕ್ಷಕ್ಕೆ ತಿಂಗಳ ಬಡ್ಡಿಯೇ 15,000. ಕಂತಿನಲ್ಲಿ ಅಸಲಿಗೆ ಹೋಗುವುದು ಬರೀ 506 ರೂಪಾಯಿ! ಅದೇ ಕಂತು ಕಟ್ಟುತ್ತ ಹೋದರೆ ಸಾಲ ತೀರಲು 38 ವರ್ಷ ಬೇಕು, ಒಟ್ಟು ಕಟ್ಟುವುದು ಸುಮಾರು 71 ಲಕ್ಷ. ಕಂತನ್ನು 17,995ಕ್ಕೆ ಏರಿಸಿಕೊಂಡರೆ 20 ವರ್ಷಕ್ಕೇ ಮುಗಿಯುತ್ತದೆ, ಒಟ್ಟು ಸುಮಾರು 43 ಲಕ್ಷ. ತಿಂಗಳಿಗೆ 2,489 ರೂಪಾಯಿ ಉಳಿಸಲು ಹೋಗಿ 28 ಲಕ್ಷ ಕಳೆದುಕೊಂಡ ಹಾಗೆ. ಬಡ್ಡಿ 9.5 ಆದರಂತೂ ಆ ಕಂತು ಬಡ್ಡಿಗೂ ಸಾಲದು.

ಅವಧಿ ಬೆಳೆಸುವುದೇ ತಪ್ಪು ಅನ್ನುತ್ತಿಲ್ಲ. ಕೆಲಸ ಹೋದವನಿಗೆ, ತೋಟಕ್ಕೆ ಹಳದಿ ಎಲೆ ರೋಗ ಬಂದ ಮನೆಯವನಿಗೆ ಅದೇ ದಾರಿಯಾಗಬಹುದು. ಆದರೆ ನನ್ನನ್ನು ಕೇಳಬೇಕಲ್ಲ? 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಹೇಳಿದ್ದೂ ಅದನ್ನೇ. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಬೆಳೆಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂದು ಸಾಲಗಾರನೇ ಆರಿಸಬೇಕು. ಕಂತು ಬಡ್ಡಿಗೂ ಸಾಲದಷ್ಟು ಅವಧಿ ಎಳೆಯಕೂಡದು. ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು.

ಬೇರೆ ಬ್ಯಾಂಕಿಗೆ ಸಾಲ ಒಯ್ಯುತ್ತೇನೆ ಅನ್ನುವವರೇ, ಸ್ವಲ್ಪ ತಡೆಯಿರಿ. 2019ರ ಅಕ್ಟೋಬರಿಗೆ ಮುಂಚಿನ ಸಾಲವಾದರೆ ಅದು ಹಳೆಯ ಬಡ್ಡಿ ಪದ್ಧತಿಯಲ್ಲೇ ಕೂತಿರಬಹುದು. 2025ರಲ್ಲಿ ರೆಪೋ ಇಳಿದಾಗ ಹಲವರಿಗೆ ಅದರ ಲಾಭ ಬೇಗ ಸಿಗದಿದ್ದುದು ಇದಕ್ಕೇ. ಮೊದಲು ನಿಮ್ಮ ಬ್ಯಾಂಕಿಗೇ ಅರ್ಜಿ ಕೊಟ್ಟು ಹೊಸ ಪದ್ಧತಿಗೆ ಬದಲಾಯಿಸಿಕೊಳ್ಳಿ. ನೀವು ಕೇಳದೆ ಅವರಾಗಿ ಮಾಡುವುದಿಲ್ಲ. ಸಾಲ ಒಯ್ದರೆ ಹೊಸ ಬ್ಯಾಂಕಿನ ವಕೀಲರು ಎಲ್ಲವನ್ನೂ ಮೊದಲಿಂದ ನೋಡುತ್ತಾರೆ. ಊರಲ್ಲಿ ಮನೆ ಕಟ್ಟಿದವರ ಪಾಡಂತೂ ಕೇಳಬೇಡಿ: ಭೂಪರಿವರ್ತನೆ, ಪಂಚಾಯತಿನ 9/11, ಋಣಭಾರ ಪತ್ರ, ಮತ್ತೆ ಅಡವು ಪತ್ರಕ್ಕೆ ಸ್ಟಾಂಪು. ಒಂದು ಮಾತು ನೆನಪಿಡಿ, ಸಾಲ ವರ್ಗಾವಣೆ ಕೇಳಿದರೆ ಹಳೆಯ ಬ್ಯಾಂಕು 21 ದಿನದೊಳಗೆ ಒಪ್ಪಿಗೆಯನ್ನೋ ಆಕ್ಷೇಪವನ್ನೋ ತಿಳಿಸಬೇಕು. ತೇಲುವ ಬಡ್ಡಿಯ ಮನೆ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ತೀರಿಸಿದ 30 ದಿನದಲ್ಲಿ ಮನೆಪತ್ರ ಹಿಂದಿರುಗಿಸಬೇಕು, ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ.

ಈಗ ಭಾಷೆಯ ಮಾತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಸಾಲಗಳಿಗೆ ಬಡ್ಡಿ, ಶುಲ್ಕ, ಕಂತು ಎಲ್ಲ ಬರೆದ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಓದಿ ವಿವರಿಸಬೇಕು. ಹೊಸ ಬ್ಯಾಂಕಿಗೆ ಒಯ್ದ ಸಾಲವೂ ಅಲ್ಲಿ ಹೊಸ ಸಾಲವೇ. ಕನ್ನಡದಲ್ಲಿ ಕೊಡಿ ಅಂದರೆ ನೀವು ಬೇಡುತ್ತಿಲ್ಲ, ಅದು ನಿಯಮ! 1928ರಲ್ಲಿ ದಿನಕ್ಕೆ ಎರಡಾಣೆ ಪಿಗ್ಮಿ ಸಂಗ್ರಹಿಸಲು ಮನೆಬಾಗಿಲಿಗೆ ಬಂದ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದು. ಆ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಸೇರಿತು, ಕಾರ್ಪೊರೇಶನ್ ಬ್ಯಾಂಕು ಯೂನಿಯನ್‌ನಲ್ಲಿ, ಅದಕ್ಕೂ ವರ್ಷ ಮುಂಚೆ ವಿಜಯಾ ಬ್ಯಾಂಕು ಬರೋಡಾದಲ್ಲಿ. ನಮ್ಮ ಜಿಲ್ಲೆಯ ಅಜ್ಜಿಯರ ಜೊತೆ ಅವರದೇ ಮಾತಿನಲ್ಲಿ ವ್ಯವಹರಿಸಿ ಬೆಳೆದ ಕಸುಬು ಇದು, ಮೊಮ್ಮಕ್ಕಳ ಹತ್ತಿರ ಕನ್ನಡ ಆಗುವುದಿಲ್ಲ ಅಂದರೆ ಹೇಗೆ?

ನಾನು ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ಕೌಂಟರಿನಲ್ಲಿ "ಕನ್ನಡ ಫಾರಂ ಇಲ್ಲ ಸರ್" ಅಂದರು. ಫಾರಂ ಬೇಡ, ನಕಲಿನ ಮೇಲೆ ಮೊಹರು ಹಾಕಿ ದಿನಾಂಕ ಬರೆಯಿರಿ, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುತ್ತೇನೆ ಅಂದೆ. ಮೊಹರು ಬಿತ್ತು. ಮೂರು ಸಲ ಓಡಾಡಿದ ಮೇಲೆ ಕಂತು ಏರಿತು, ಅವಧಿ ಮೊದಲಿನ ಜಾಗಕ್ಕೆ ಬಂತು, ಒಂದು ಪುಟದ ಕನ್ನಡ ಪತ್ರವೂ ಬಂತು.

ಅದನ್ನು ಊರಿಗೆ ತಂದು ಅಪ್ಪನಿಗೆ ಕೊಟ್ಟೆ. ಜಗಲಿಯಲ್ಲಿ ಕೂತು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಬಡ್ಡಿ ಏರಿದರೆ ಅವಧಿ ಬೆಳೆಯುತ್ತದೆ ಅಂತ ಮೊದಲಿನ ಕಾಗದದಲ್ಲೂ ಇತ್ತಾ ಮಗಾ?" ಎಂದು ಕೇಳಿದರು.

ಇತ್ತು. ಕೆಳಗೆ ಅವರದೇ ಸಹಿ.