ಹುಟ್ಟು, ಪಕ್ಷ, ಮತ: ತುಳಸೇಂದ್ರಪುರದ ಪ್ರಾರ್ಥನೆಯ ನಂತರ



2024ರ ನವೆಂಬರ್ 5ರಂದು ತಮಿಳುನಾಡಿನ ತಿರುವಾರೂರು ಜಿಲ್ಲೆಯ ತುಳಸೇಂದ್ರಪುರದಲ್ಲಿ, ಧರ್ಮಶಾಸ್ತಾ ದೇವಾಲಯದಲ್ಲಿ ವಿಶೇಷ ಅಭಿಷೇಕ ನಡೆಯಿತು. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಗೆಲ್ಲಲಿ ಎಂಬುದು ಪ್ರಾರ್ಥನೆ. ಆಕೆಯ ತಾತ, ತಾಯಿಯ ತಂದೆ ಪಿ.ವಿ. ಗೋಪಾಲನ್ ಅವರ ಮೂಲ ಊರು ಅದು. ತಾಯಿ ಶ್ಯಾಮಲಾ 1958ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಉನ್ನತ ವ್ಯಾಸಂಗಕ್ಕಾಗಿ ಬರ್ಕ್ಲಿಗೆ ತೆರಳಿದವರು. ಸರ್ಕಾರಿ ಸೇವೆಯಿಂದ ನಿವೃತ್ತರಾದ ತಾತ ನೆಲೆಸಿದ್ದು ಇದೇ ಚೆನ್ನೈನ ಬೆಸೆಂಟ್ ನಗರದಲ್ಲಿ. ರಜೆಗೆ ಬಂದಾಗ ತಾತನೊಡನೆ ಕಡಲ ದಂಡೆಯಲ್ಲಿ ನಡೆದಾಡಿದ್ದನ್ನೂ, ಆತನ ಗೆಳೆಯರು ಪ್ರಜಾಪ್ರಭುತ್ವದ ಕುರಿತು ವಾದಿಸುತ್ತಿದ್ದುದನ್ನೂ ಮೊಮ್ಮಗಳು ಮುಂದೆ ಹಲವು ಬಾರಿ ನೆನೆದಿದ್ದಾರೆ. 2020ರ ಆಗಸ್ಟ್‌ನಲ್ಲಿ ಪಕ್ಷದ ಮಹಾಧಿವೇಶನದಲ್ಲಿ ಮಾತನಾಡುತ್ತ ಆಕೆ ‘ಚಿತ್ತಿ’ ಎಂಬ ತಮಿಳು ಪದವನ್ನು ಉಚ್ಚರಿಸಿದಾಗ ಈ ನಗರವು ಹಿಗ್ಗಿದ್ದು ಸಹಜವೇ. ಕನ್ನಡದ ಮನೆಗಳಲ್ಲಿ ‘ಚಿಕ್ಕಮ್ಮ’ ಎಂದರೆ ಎಷ್ಟು ಆಪ್ತವೋ, ಅದೂ ಅಷ್ಟೇ ಆಪ್ತ.

ಆದರೆ ಆ ಹಿಗ್ಗಿನೊಳಗೆ ಒಂದು ನಂಬಿಕೆ ಅಡಗಿತ್ತು. ರಕ್ತಸಂಬಂಧ ಇದ್ದಲ್ಲಿ ಮತವೂ ಹರಿಯುತ್ತದೆ, ಭಾರತ ಮೂಲದವರೆಲ್ಲರೂ ಆಕೆಗೇ ಮತ ಹಾಕುತ್ತಾರೆ, ಕಪ್ಪು ಜನಾಂಗದವರಂತೂ ಹಾಕಿಯೇ ಹಾಕುತ್ತಾರೆ ಎಂಬ ನಂಬಿಕೆ. ಫಲಿತಾಂಶ ಬಂದಾಗ ಡೊನಾಲ್ಡ್ ಟ್ರಂಪ್‌ಗೆ 312 ಚುನಾಯಕರ ಮತಗಳು, ಹ್ಯಾರಿಸ್‌ಗೆ 226. ಆಕೆ ಸೋತದ್ದೇಕೆ ಎಂಬುದಕ್ಕೆ ಬೆಲೆಯೇರಿಕೆ, ವಲಸೆ, ಹಾಲಿ ಸರ್ಕಾರದ ಮೇಲಿನ ಬೇಸರ ಎಂದು ನೂರು ಕಾರಣಗಳನ್ನು ಪಂಡಿತರು ಎಣಿಸಿದ್ದಾರೆ. ಇಲ್ಲಿ ವಿಚಾರಿಸಬೇಕಾದದ್ದು ಅದಲ್ಲ, ಆ ನಂಬಿಕೆಯನ್ನು.

ಮತಗಟ್ಟೆ ಸಮೀಕ್ಷೆಗಳ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 2000ದಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಅಲ್ ಗೋರ್ ಬಿಳಿಯ. ಕಪ್ಪು ಮತದಾರರಲ್ಲಿ ಶೇಕಡ 90ರಷ್ಟು ಮಂದಿ ಆತನಿಗೆ ಮತವಿತ್ತರು. 2004ರಲ್ಲಿ ಜಾನ್ ಕೆರಿಗೆ ಶೇಕಡ 88. 2008ರಲ್ಲಿ, ಇತಿಹಾಸದಲ್ಲಿ ಮೊದಲ ಬಾರಿಗೆ, ಕಪ್ಪು ಜನಾಂಗದ ಬರಾಕ್ ಒಬಾಮಾ ಪ್ರಮುಖ ಪಕ್ಷವೊಂದರ ಅಭ್ಯರ್ಥಿಯಾಗಿ ನಿಂತಾಗ ಶೇಕಡ 95. ಜಗತ್ತೇ ಬೆರಗಾದ ಆ ಚುನಾವಣೆಯಲ್ಲಿ ಮೈಬಣ್ಣ ಕೂಡಿಸಿಕೊಟ್ಟದ್ದು ಶೇಕಡ ಐದಾರರಷ್ಟು. ಉಳಿದ ತೊಂಬತ್ತು ಪಕ್ಷದ ಗಂಟು. ಬಿಳಿಯರ ಮತದ ಲೆಕ್ಕ ಇನ್ನೂ ವಿಚಿತ್ರ. ಬಿಳಿಯನಾದ ಕೆರಿಗೆ ಶೇಕಡ 41 ದೊರೆತಿತ್ತು, ಕಪ್ಪು ಜನಾಂಗದ ಒಬಾಮಾಗೆ ಶೇಕಡ 43. 1964ರಲ್ಲಿ ಲಿಂಡನ್ ಜಾನ್ಸನ್ ಗೆದ್ದ ಮೇಲೆ ಆ ಪಕ್ಷದ ಯಾವ ಅಧ್ಯಕ್ಷ ಅಭ್ಯರ್ಥಿಯೂ ಬಿಳಿಯರ ಬಹುಮತ ಪಡೆದಿಲ್ಲ. ಅಭ್ಯರ್ಥಿ ಬಿಳಿಯನಿರಲಿ, ಅಲ್ಲದಿರಲಿ.

ಹಾಗೆಂದು ವರ್ಣಕ್ಕೆ ಬೆಲೆಯೇ ಇಲ್ಲವೆಂದಲ್ಲ. 2012ರಲ್ಲಿ ಮತಗಟ್ಟೆಗೆ ಬಂದ ಕಪ್ಪು ಮತದಾರರ ಪ್ರಮಾಣ ಶೇಕಡ 66ನ್ನು ಮುಟ್ಟಿ ಬಿಳಿಯರ ಪ್ರಮಾಣವನ್ನೂ ಮೀರಿತು. ಒಬಾಮಾ ಕಣದಲ್ಲಿಲ್ಲದ 2016ರಲ್ಲಿ ಅದು ಶೇಕಡ 60ಕ್ಕಿಂತ ಕೆಳಗಿಳಿಯಿತು. ಹುಟ್ಟು ಮನುಷ್ಯನನ್ನು ಮನೆಯಿಂದ ಹೊರಡಿಸುತ್ತದೆ. ಯಾವ ಗುರುತಿಗೆ ಒತ್ತಬೇಕೆಂಬುದು ಬಹಳ ಹಿಂದೆಯೇ ನಿಶ್ಚಯವಾಗಿರುತ್ತದೆ.

ಆ ನಿಶ್ಚಯವಾದರೂ ಹುಟ್ಟಿನಿಂದ ಬಂದದ್ದೇ? ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನ ಬಹುಕಾಲ ಲಿಂಕನ್ನನ ರಿಪಬ್ಲಿಕನ್ ಪಕ್ಷಕ್ಕೇ ನಿಷ್ಠರಾಗಿದ್ದರು. 1930ರ ದಶಕದಲ್ಲಿ, ಹಸಿವಿನ ಕಾಲದಲ್ಲಿ, ರೂಸ್‌ವೆಲ್ಟರ ಪರಿಹಾರ ಯೋಜನೆಗಳು ಬಂದವು, ನಿಷ್ಠೆ ಸಡಿಲಿತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆಗೆ ಜಾನ್ಸನ್ ಸಹಿ ಹಾಕಿದರು. ಅದರ ವಿರುದ್ಧ ಸೆನೆಟ್‌ನಲ್ಲಿ ಮತ ಹಾಕಿದ್ದ ಬ್ಯಾರಿ ಗೋಲ್ಡ್‌ವಾಟರ್ ರಿಪಬ್ಲಿಕನ್ ಅಭ್ಯರ್ಥಿಯಾದರು. ಹೊರಗಿನಿಂದ ನೋಡುವವರಿಗೆ ಜನಾಂಗದ ಮತದಂತೆ ಕಾಣುವ ಶೇಕಡ 90, ವಾಸ್ತವವಾಗಿ ಯಾರು ಏನು ಮಾಡಿದರೆಂಬ ಲೆಕ್ಕದ ಪುಸ್ತಕ. ಲೆಕ್ಕ ಬದಲಾದರೆ ಮತವೂ ಮೆಲ್ಲಗೆ ಬದಲಾಗುತ್ತದೆ. ಕಾರ್ನೆಗಿ ಸಂಸ್ಥೆಯ ಸಮೀಕ್ಷೆಯಂತೆ, ತಮ್ಮನ್ನು ಡೆಮಾಕ್ರಟರೆಂದು ಕರೆದುಕೊಂಡ ಭಾರತ ಮೂಲದ ಅಮೆರಿಕನ್ನರು 2020ರಲ್ಲಿ ಶೇಕಡ 56, 2024ರಲ್ಲಿ ಶೇಕಡ 47. ಭಾರತೀಯ ತಾಯಿಯ ಮಗಳೇ ಅಧ್ಯಕ್ಷ ಪದವಿಗೆ ನಿಂತ ವರ್ಷದಲ್ಲಿ ಈ ಇಳಿಕೆ!

ಚೆನ್ನೈನವರಿಗೆ ಇದು ಹೊಸ ಪಾಠವಾಗಬೇಕಿರಲಿಲ್ಲ. ನೂರು ವರ್ಷಗಳ ಹಿಂದೆಯೇ ಈ ನಗರ ಇದೇ ಪ್ರಶ್ನೆಯನ್ನು ಎದುರಿಸಿತ್ತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರ ಪ್ರಾಬಲ್ಯವನ್ನು ಪ್ರಶ್ನಿಸಿ 1916ರಲ್ಲಿ ಇಲ್ಲಿ ಹುಟ್ಟಿದ ಜಸ್ಟಿಸ್ ಪಕ್ಷದ ದೂರು ನ್ಯಾಯವಾದದ್ದೇ ಆಗಿತ್ತು. 1920ರ ಮದ್ರಾಸ್ ಶಾಸನಸಭೆಯ ಚುನಾವಣೆಯಲ್ಲಿ ಬ್ರಾಹ್ಮಣೇತರರಿಗೆ 28 ಸ್ಥಾನಗಳನ್ನು ಮೀಸಲಿಡಲಾಯಿತು. ಕಾಂಗ್ರೆಸ್ ಬಹಿಷ್ಕರಿಸಿದ್ದ ಆ ಚುನಾವಣೆಯಲ್ಲಿ ಪಕ್ಷ ಗೆದ್ದು ಅಧಿಕಾರ ಹಿಡಿಯಿತು. ಅಂದು ಮದ್ರಾಸ್ ಪ್ರಾಂತ್ಯದೊಳಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ, ಅಂದರೆ ಮಂಗಳೂರು, ಮೂಡುಬಿದಿರೆ, ಕಾರ್ಕಳ, ಕಾಸರಗೋಡುಗಳ ಮತದಾರರೂ ಈ ಸಭೆಗೇ ಪ್ರತಿನಿಧಿಗಳನ್ನು ಕಳಿಸುತ್ತಿದ್ದರೆಂಬುದನ್ನು ಕನ್ನಡ ಕೇಳುಗರು ನೆನೆಯಬೇಕು.

ಹದಿನೇಳು ವರ್ಷ ಕಳೆದು 1937 ಬಂದಿತು. ಮತದಾರರಲ್ಲಿ ಬ್ರಾಹ್ಮಣೇತರರೇ ಬಹುಸಂಖ್ಯಾತರು. ಜನ್ಮವೇ ಮತವಾಗಿದ್ದರೆ ಜಸ್ಟಿಸ್ ಪಕ್ಷಕ್ಕೆ ಎದುರೇ ಇರಬಾರದಿತ್ತು. ಆದರೆ ಜನ ಹಳದಿ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗಿ ಮತ ಹಾಕಿದರು. ಅದು ಕಾಂಗ್ರೆಸ್ಸಿನ ಪೆಟ್ಟಿಗೆ. 215 ಸ್ಥಾನಗಳಲ್ಲಿ 159 ಆ ಪಕ್ಷದ ಪಾಲಾದವು, ಬ್ರಾಹ್ಮಣರಾದ ರಾಜಾಜಿ ಪ್ರಧಾನಿಯಾದರು. ಜಸ್ಟಿಸ್ ಪಕ್ಷದ ನಾಯಕ ಬೊಬ್ಬಿಲಿಯ ರಾಜ ತನ್ನ ಜಮೀನ್ದಾರಿಯ ನೆಲದಲ್ಲೇ ಸೋತರು. ಸೋಲಿಸಿದವರು ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ, ಅವರೂ ಬ್ರಾಹ್ಮಣರೇ. ಪಕ್ಷ ಎತ್ತಿದ ಪ್ರಶ್ನೆ ಸುಳ್ಳಾಗಿರಲಿಲ್ಲ. ಆದರೆ ರಾಜರು, ಜಮೀನ್ದಾರರು ನಡೆಸುವ ಪಕ್ಷ ತನ್ನ ಹೊಲಕ್ಕೆ, ಕಂದಾಯಕ್ಕೆ ಏನು ಮಾಡಿತೆಂದು ರೈತ ಕೇಳಿಕೊಂಡಿದ್ದ.

ದ್ರಾವಿಡ ಚಳವಳಿಯ ಮುಂದಿನ ಚರಿತ್ರೆಯಲ್ಲೂ ಇದೇ ಸೋಜಿಗ. ಮೇಲುಕೋಟೆಯಲ್ಲಿ ಅಯ್ಯಂಗಾರ್ ಮನೆತನದಲ್ಲಿ ಹುಟ್ಟಿದ ಜಯಲಲಿತಾ ದ್ರಾವಿಡ ಪಕ್ಷವೊಂದರ ಒಡತಿಯಾಗಿ ಮತ್ತೆ ಮತ್ತೆ ಮುಖ್ಯಮಂತ್ರಿಯಾದರು. ಅವರ ಬಲ ಎಲ್ಲಿತ್ತೆಂಬುದನ್ನು 1989 ತೋರಿಸುತ್ತದೆ. ಎಂ.ಜಿ.ಆರ್. ತೀರಿಕೊಂಡು ಪಕ್ಷ ಒಡೆದು ‘ಎರಡೆಲೆ’ ಚಿಹ್ನೆ ಸ್ಥಗಿತವಾದಾಗ, ಹುಂಜದ ಚಿಹ್ನೆಯಲ್ಲಿ ನಿಂತ ಆಕೆಯ ಬಣಕ್ಕೆ ದೊರೆತದ್ದು 27 ಸ್ಥಾನ. ಬಣಗಳು ಒಂದಾಗಿ ಎರಡೆಲೆ ಮರಳಿ ಬಂದ ಕೆಲವೇ ವಾರಗಳಲ್ಲಿ ಮರುಂಗಾಪುರಿ, ಮಧುರೈ ಪೂರ್ವ ಎರಡೂ ಕ್ಷೇತ್ರಗಳು ಪಕ್ಷದ ವಶವಾದವು.

ಹಾಗಾದರೆ ಹುಟ್ಟು ಎಲ್ಲಿ ಕೆಲಸ ಮಾಡುತ್ತದೆ? ಪಕ್ಷದ ಗುರುತು ಎಲ್ಲರಿಗೂ ಒಂದೇ ಆಗಿರುವ ಕಡೆ. ಬೆಳಗಾವಿಯಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಶ್ರೀ ಥಾಣೇದಾರ್ 2022ರಲ್ಲಿ, ಡೆಟ್ರಾಯಿಟ್ ನಗರದ ಬಹುಭಾಗವನ್ನು ಒಳಗೊಂಡ ಕ್ಷೇತ್ರದಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಅದು ಕಪ್ಪು ಜನ ಬಹಳವಾಗಿರುವ ನಗರ. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಕಪ್ಪು ಜನಾಂಗದ ಹಲವರು ನಿಂತು ಮತ ಹಂಚಿಹೋಯಿತು. ಮೂರನೆಯ ಒಂದು ಭಾಗವೂ ಇಲ್ಲದ ಮತಗಳಿಂದ ಥಾಣೇದಾರ್ ಅಭ್ಯರ್ಥಿಯಾದರು. ಅಲ್ಲಿ ಜನಾಂಗದ ಲೆಕ್ಕಾಚಾರ ಜೋರಾಗಿಯೇ ನಡೆದಿತ್ತು. ನವೆಂಬರ್‌ನಲ್ಲಿ ಮಾತ್ರ ಅದೇ ಮತದಾರರು ಬೆಳಗಾವಿಯವನೆಂದು ನೋಡದೆ ಡೆಮಾಕ್ರಟಿಕ್ ಅಭ್ಯರ್ಥಿಯೆಂದು ಗೆಲ್ಲಿಸಿದರು. ಇನ್ನು ಹ್ಯಾರಿಸ್ 2019ರ ಡಿಸೆಂಬರ್‌ನಲ್ಲಿ, ಪ್ರಾಥಮಿಕ ಚುನಾವಣೆಗಳು ಆರಂಭವಾಗುವ ಮುನ್ನವೇ ಕಣದಿಂದ ಹಿಂದೆ ಸರಿದಿದ್ದವರು. 2024ರಲ್ಲಿ ಬೈಡನ್ ಜುಲೈನಲ್ಲಿ ಹಿಂದೆ ಸರಿದ ಮೇಲೆ ಪಕ್ಷದ ಪ್ರತಿನಿಧಿಗಳಿಂದ ಆರಿಸಲ್ಪಟ್ಟವರು. ಅಧ್ಯಕ್ಷ ಪದವಿಗಾಗಿ ತನ್ನ ಪಕ್ಷದ ಸಾಮಾನ್ಯ ಮತದಾರನ ಪರೀಕ್ಷೆಗೆ ಆಕೆ ಒಮ್ಮೆಯೂ ಕೂರಲಿಲ್ಲ.

ಭಾರತದಲ್ಲಿ ಅಂಥ ಪ್ರಾಥಮಿಕ ಚುನಾವಣೆ ಇಲ್ಲ. ಟಿಕೆಟ್ ಹಂಚುವ ಕೋಣೆಯೇ ಅದರ ಸ್ಥಾನದಲ್ಲಿದೆ, ಜಾತಿಯ ಪಟ್ಟಿ ಬಿಚ್ಚಿಕೊಳ್ಳುವುದೂ ಅಲ್ಲಿಯೇ. ಜೈನ ಸಮಾಜದ ಸಮಾವೇಶಗಳಲ್ಲಿ ‘ನಮ್ಮವರಿಗೆ ಟಿಕೆಟ್ ಕೊಡಿ, ನಮ್ಮವರಿಗೇ ಮತ ಕೊಡಿ’ ಎಂಬ ಮಾತು ಕೇಳುತ್ತಲೇ ಇರುತ್ತದೆ. ಮೊದಲ ಅರ್ಧಕ್ಕೆ ಅರ್ಥವಿದೆ. ಎರಡನೆಯದಕ್ಕೆ? 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ನೈನಾರರು, ಸೌಕಾರ್‌ಪೇಟೆಯ ವರ್ತಕರು ಎಲ್ಲರೂ ಸೇರಿ ಜೈನರು 89,265, ಶೇಕಡ 0.12. ಕರ್ನಾಟಕದಲ್ಲಿ ಸುಮಾರು 4.4 ಲಕ್ಷ, ಶೇಕಡ 1ಕ್ಕೂ ಕಡಿಮೆ. ತಮ್ಮವರ ಮತದಿಂದಲೇ ಗೆಲ್ಲಬಲ್ಲ ಕ್ಷೇತ್ರ ಯಾವುದೂ ಇಲ್ಲ. ಇತರರೆಲ್ಲ ಇದೇ ಸೂತ್ರ ಹಿಡಿದರೆ ಜೈನ ಅಭ್ಯರ್ಥಿಯ ಠೇವಣಿಯೂ ಉಳಿಯದು.

ಮೂಡುಬಿದಿರೆಯನ್ನೇ ನೋಡಬಹುದು. ಬಸದಿಗಳ ಊರೆಂದು ಹೆಸರಾದರೂ ಆ ಕ್ಷೇತ್ರದಲ್ಲಿ ಜೈನ ಮತದಾರರು ಅಲ್ಪಸಂಖ್ಯಾತರು. 1999ರಿಂದ 2013ರವರೆಗೆ ನಡೆದ ನಾಲ್ಕೂ ಚುನಾವಣೆಗಳಲ್ಲಿ ಅಲ್ಲಿ ಗೆದ್ದವರು ಕಾಂಗ್ರೆಸ್ಸಿನ ಕೆ. ಅಭಯಚಂದ್ರ ಜೈನ್, ಅವರನ್ನು ಗೆಲ್ಲಿಸಿದವರಲ್ಲಿ ಬಹುಪಾಲು ಮಂದಿ ಜೈನರಲ್ಲದವರು. 2013ರಲ್ಲಿ ದಕ್ಷಿಣ ಕನ್ನಡದ ಎಂಟು ಸ್ಥಾನಗಳಲ್ಲಿ ಏಳು ಕಾಂಗ್ರೆಸ್ಸಿಗೆ, 2018ರಲ್ಲಿ ಎಂಟರಲ್ಲಿ ಏಳು ಬಿಜೆಪಿಗೆ. ಅದೇ ಊರು, ಅದೇ ಮನೆತನ, ಅದೇ ಅಭ್ಯರ್ಥಿ. 2018ರಲ್ಲಿ ಅಭಯಚಂದ್ರರು ಸೋತರು.