ಎಮ್ಮೆ ಗಬ್ಬವಾಯಿತೆ? ಬೇಗ ತಿಳಿಯುವ ದಾರಿಗಳು

ಮಡಗಾಂವಿನ ಮೋತಿ ಡೊಂಗರ್ ಗುಡ್ಡದ ಮೇಲೆ ಬಾಳು ಕಟ್ಟಿಕೊಂಡ ಕನ್ನಡದ ಮನೆಗಳಲ್ಲಿ ಅನೇಕರ ಬೇರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿದೆ. ದುಡಿಮೆ ಇಲ್ಲಿ, ಹೊಲಮನೆ ಅಲ್ಲಿ. ಇಲ್ಲಿಂದ ಕಳಿಸಿದ ಹಣದಲ್ಲಿ ಊರಿನಲ್ಲಿ ಒಂದು ಎಮ್ಮೆಯನ್ನೋ ಆಕಳನ್ನೋ ಕಟ್ಟಿದವರು ಇದ್ದೀರಿ. ಅನಮೋಡ, ಚೋರ್ಲಾ, ಕಾರವಾರದ ಕಡೆಯ ಗಡಿಹಳ್ಳಿಗಳಲ್ಲಿ ಸ್ವತಃ ಕೊಟ್ಟಿಗೆ ನೋಡಿಕೊಳ್ಳುವವರೂ ಇದ್ದೀರಿ. ಕೊಂಕಣಿಯಲ್ಲಿ ಗಾಭಣ ಎನ್ನಿ, ಕನ್ನಡದಲ್ಲಿ ಗಬ್ಬ ಎನ್ನಿ, ತೆನೆಯಾಗಿದೆ ಎನ್ನಿ, ಹೋರಿ ಕೊಡಿಸಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಕಟ್ಟಿತೋ, ಇಲ್ಲವೋ? ಈ ಪ್ರಶ್ನೆಗೆ ಬೇಗ ಉತ್ತರ ಪಡೆಯುವುದು ಹೇಗೆ ಎಂಬುದೇ ಇಂದಿನ ಮಾತು.

ಬೇಗ ಏಕೆ ತಿಳಿಯಬೇಕು? ಮೊದಲು ಈ ಲೆಕ್ಕ ನೋಡಿ. ಒಂದು ಎಮ್ಮೆಯ ಮೇವು, ಹಿಂಡಿ, ಹೊಟ್ಟಿಗೆ ದಿನಕ್ಕೆ ನೂರು ರೂಪಾಯಿ ಎಂದು ಇಟ್ಟುಕೊಳ್ಳೋಣ. ಗಬ್ಬವಾಗಿದೆ ಎಂದು ನಂಬಿ ಮೂರು ತಿಂಗಳು ಕಾದಿರಿ. ಆಮೇಲೆ ವೈದ್ಯರು ಕೈಹಾಕಿ ನೋಡಿ, ಏನೂ ಇಲ್ಲ ಎಂದರು. ಅದೇ ಮಾತು ಮೂವತ್ತನೆಯ ದಿನ ತಿಳಿದಿದ್ದರೆ ಅರವತ್ತು ದಿನದ ಮೇವು, ಅಂದರೆ ಆರು ಸಾವಿರ ರೂಪಾಯಿ ವ್ಯರ್ಥವಾಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಮುಂದಿನ ಕರುವೂ ಮುಂದಿನ ಹಾಲೂ ಎರಡು ತಿಂಗಳು ಹಿಂದೆ ಬಿದ್ದವು. ಸಾಲದ ಕಂತು ಮಾತ್ರ ಹಿಂದೆ ಬೀಳುವುದಿಲ್ಲ.

ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಮಾಂಸಕ್ಕಾಗಿ ದನ ಸಾಕುವವರಿಗೆ ವರ್ಷಕ್ಕೊಂದು ಕರುವೇ ಆದಾಯ. ಅಮೆರಿಕದ ಚಳಿ ಸೀಮೆಯಲ್ಲಿ ಅವರು ಚಳಿಗಾಲಕ್ಕೆ ಮುಂಚೆಯೇ ಹಿಂಡನ್ನೆಲ್ಲ ಪರೀಕ್ಷೆ ಮಾಡಿಸಿ, ಖಾಲಿ ಇರುವ ಆಕಳುಗಳನ್ನು ಮಾರಿಬಿಡುತ್ತಾರೆ. ನಮ್ಮ ಸ್ಥಿತಿ ಬೇರೆ. ನಮ್ಮದು ಹಾಲಿನ ಮೇಲೆ ನಿಂತ ಬದುಕು, ಒಂದೆರಡು ದನಗಳ ಕೊಟ್ಟಿಗೆ. ಕರ್ನಾಟಕದಲ್ಲಿ 2020ರ ಕಾಯ್ದೆ ಆಕಳು, ಹೋರಿ, ಎತ್ತುಗಳ ವಧೆಯನ್ನು ನಿಷೇಧಿಸಿತು. ಎಮ್ಮೆ ಕೋಣಗಳಿಗೂ ಹದಿಮೂರು ವರ್ಷದ ಮಿತಿ ಇಟ್ಟಿತು. ಹೀಗಾಗಿ ಖಾಲಿ ದನವನ್ನು ಹೊರಗೆ ಹಾಕುವ ದಾರಿ ನಮಗೆ ಸುಲಭವಲ್ಲ. ಬೇಗ ತಿಳಿದು, ಬೇಗ ಚಿಕಿತ್ಸೆ ಕೊಡಿಸಿ, ಮತ್ತೆ ಗಬ್ಬ ಮಾಡಿಸುವುದೊಂದೇ ದಾರಿ. ಆದ್ದರಿಂದ ಈ ಪರೀಕ್ಷೆಯ ಅಗತ್ಯ ಅವರಿಗಿಂತ ನಮಗೆ ಕಡಿಮೆಯೇನಲ್ಲ.

ಈಗ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಕಣ್ಣಿನ ಪರೀಕ್ಷೆ. ಆಕಳು ಎಮ್ಮೆಗಳಿಗೆ ಸುಮಾರು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ ಬರುತ್ತದೆ. ಹದಿನೆಂಟರಿಂದ ಇಪ್ಪತ್ತನಾಲ್ಕು ದಿನದವರೆಗೂ ಹೆಚ್ಚುಕಡಿಮೆ ಆಗಬಹುದು. ಹೋರಿ ಕೊಡಿಸಿದ ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ಮೇಲೆ ಈ ದಿನಗಳಲ್ಲಿ ಬೆದೆ ಮರಳಿ ಬರದಿದ್ದರೆ ಗಬ್ಬವಾಗಿರಬಹುದು. ಆಗಿರಬಹುದು ಎಂದೆನೇ ಹೊರತು ಆಗಿದೆ ಎಂದು ಹೇಳಲಿಲ್ಲ. ಎಮ್ಮೆಗೆ ಮೂಕ ಬೆದೆ ಹೆಚ್ಚು, ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ಅದು ಕೂಗುವುದಿಲ್ಲ, ಹಾರುವುದಿಲ್ಲ, ಬೆದೆ ಬಂದು ಹೋದದ್ದೇ ತಿಳಿಯುವುದಿಲ್ಲ. ಮೇವಿನ ಕೊರತೆಯಿಂದಲೂ ಗರ್ಭಕೋಶದ ಸೋಂಕಿನಿಂದಲೂ ಬೆದೆ ನಿಲ್ಲುವುದುಂಟು. ಇದಕ್ಕೆ ತಿರುಗುಮುರುಗಾಗಿ, ಗಬ್ಬವಾದ ಕೆಲವು ದನಗಳೂ ಬೆದೆಯ ಲಕ್ಷಣ ತೋರಿಸುತ್ತವೆ. ಆದ್ದರಿಂದ ಕಣ್ಣಿನ ಪರೀಕ್ಷೆ ಬೇಕು, ಆದರೆ ಅದೊಂದನ್ನೇ ನಂಬಬೇಡಿ.

ಎರಡನೆಯದು, ಹಾಲಿನ ಪರೀಕ್ಷೆ. ಗರ್ಭ ನಿಂತರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ರಕ್ತದಲ್ಲೂ ಹಾಲಿನಲ್ಲೂ ಇಳಿಯದೆ ಉಳಿಯುತ್ತದೆ. ಬೆದೆಗೆ ಮರಳುವ ದನದಲ್ಲಿ ಅದು ಇಳಿದುಹೋಗುತ್ತದೆ. 1970ರ ದಶಕದಿಂದ ಪಶ್ಚಿಮದ ದೇಶಗಳು ಈ ಗುಣವನ್ನು ಪರೀಕ್ಷೆಗೆ ಬಳಸಿಕೊಂಡವು. ಇಪ್ಪತ್ತೊಂದರಿಂದ ಇಪ್ಪತ್ತನಾಲ್ಕನೆಯ ದಿನದೊಳಗೆ ಹಾಲು ತೆಗೆದು ನೋಡುತ್ತಾರೆ. ಹಾರ್ಮೋನು ಕಡಿಮೆಯಿದ್ದರೆ ಗಬ್ಬವಿಲ್ಲ ಎಂಬುದು ಹೆಚ್ಚುಕಡಿಮೆ ಖಚಿತ. ಹೆಚ್ಚಿದ್ದರೆ ಗಬ್ಬವೇ ಎಂದು ಅಷ್ಟು ಖಚಿತವಾಗಿ ಹೇಳಲಾಗದು, ಏಕೆಂದರೆ ಬೆದೆಯ ಚಕ್ರ ಏರುಪೇರಾದ ದನದಲ್ಲೂ ಅದು ಹೆಚ್ಚಿರಬಹುದು. ಅಂದರೆ ಈ ಪರೀಕ್ಷೆಯ ಇಲ್ಲ ಎಂಬ ಉತ್ತರವನ್ನು ನಂಬಿ, ಹೌದು ಎಂಬ ಉತ್ತರವನ್ನು ಮತ್ತೊಮ್ಮೆ ಪರೀಕ್ಷಿಸಿ.

ಮೂರನೆಯದು, ರಕ್ತ ಪರೀಕ್ಷೆ. ಗರ್ಭದ ಮಾಸು ತಯಾರಿಸುವ ಒಂದು ಪ್ರೋಟೀನು ತಾಯಿಯ ರಕ್ತಕ್ಕೆ ಇಳಿಯುತ್ತದೆ ಎಂಬುದನ್ನು 1982ರಲ್ಲಿ ಅಮೆರಿಕದ ಐಡಹೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಇದು ಗರ್ಭದಿಂದಲೇ ಬರುವುದರಿಂದ ಪ್ರೊಜೆಸ್ಟರಾನಿಗಿಂತ ನಂಬಿಕೆಗೆ ಯೋಗ್ಯ. ಸುಮಾರು ಇಪ್ಪತ್ತೆಂಟನೆಯ ದಿನದಿಂದ ಇದನ್ನು ಹಿಡಿಯಬಹುದು. ಆದರೆ ಹಿಂದಿನ ಕರು ಹಾಕಿದ ಮೇಲೂ ಈ ಪ್ರೋಟೀನು ಎರಡು ತಿಂಗಳಿಗೂ ಹೆಚ್ಚು ಕಾಲ ರಕ್ತದಲ್ಲಿ ಉಳಿದಿರುತ್ತದೆ. ಈದು ಇನ್ನೂ ದಿನವಾಗದ ದನಕ್ಕೆ ಮಾಡಿಸಿದರೆ ಸುಳ್ಳು ಉತ್ತರ ಬಂದೀತು. ದೊಡ್ಡ ಡೇರಿಗಳಿಗೆ ಇದು ಒಗ್ಗುವ ಪರೀಕ್ಷೆ. ನಮ್ಮ ಹಳ್ಳಿಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ.

ನಾಲ್ಕನೆಯದು, ಅಲ್ಟ್ರಾಸೌಂಡ್. ನಮ್ಮ ತಾಯಂದಿರಿಗೆ ಮಾಡುವ ಸ್ಕ್ಯಾನಿಂಗೇ ಇದು, ಆದರೆ ಇಲ್ಲಿ ಉಪಕರಣವನ್ನು ಗುದದ್ವಾರದ ಮೂಲಕ ಒಳಗಿಟ್ಟು ನೋಡುತ್ತಾರೆ. ಇಪ್ಪತ್ತೆಂಟರಿಂದ ಮೂವತ್ತು ದಿನಕ್ಕೆ ಗರ್ಭದ ನೀರೂ ಪುಟ್ಟ ಹೃದಯದ ಬಡಿತವೂ ಪರದೆಯ ಮೇಲೆ ಕಾಣುತ್ತವೆ. ಅಂಡಾಶಯ, ಗರ್ಭಕೋಶಗಳಲ್ಲಿ ದೋಷವಿದ್ದರೆ ಅದೂ ಆಗಲೇ ತಿಳಿಯುತ್ತದೆ. ಈ ಯಂತ್ರ ಪಶುವೈದ್ಯಕೀಯ ಕಾಲೇಜುಗಳಲ್ಲಿ, ದೊಡ್ಡ ಪಶು ಆಸ್ಪತ್ರೆಗಳಲ್ಲಿ ಇರುತ್ತದೆ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ ನೋಡಿ.

ಐದನೆಯದು, ವೈದ್ಯರು ಕೈಹಾಕಿ ನೋಡುವ ಪರೀಕ್ಷೆ. ಇದು ಹಳೆಯದು, ಅಗ್ಗದ್ದು, ಎಲ್ಲೆಡೆ ಸಿಗುವಂಥದ್ದು. ಪಳಗಿದ ಕೈ ಮೂವತ್ತೈದು ನಲವತ್ತು ದಿನಕ್ಕೇ ಹೇಳಬಲ್ಲದು. ನಮ್ಮ ಹಳ್ಳಿಗಳಲ್ಲಿ ಅರವತ್ತರಿಂದ ತೊಂಬತ್ತು ದಿನದೊಳಗೆ ಮಾಡಿಸುವುದು ವಾಡಿಕೆ. ಉತ್ತರ ಅಲ್ಲೇ, ಆ ಕ್ಷಣವೇ ಸಿಗುತ್ತದೆ, ತಿಂಗಳೆಷ್ಟು ಎಂಬ ಅಂದಾಜೂ ಸಿಗುತ್ತದೆ. ಆದರೆ ತಿಳಿಯದವರ ಕೈ ಒಳಗೆ ಹೋದರೆ ಎಳೆಯ ಗರ್ಭಕ್ಕೆ ಪೆಟ್ಟಾಗಬಹುದು. ಸಂತೆಯಲ್ಲಿ ದಲಾಲರು ಕೈಹಾಕಿ ಮೂರು ತಿಂಗಳ ಗಬ್ಬ ಎಂದದ್ದನ್ನು ನಂಬಿ ಎಮ್ಮೆ ಕೊಳ್ಳಬೇಡಿ. ಖಾಲಿ ಎಮ್ಮೆಗೆ ಗಬ್ಬದ ಎಮ್ಮೆಯ ಬೆಲೆ ತೆತ್ತರೆ ದೂರದಲ್ಲಿ ದುಡಿದ ಹಣ ಹೋಯಿತು. ಹಾಗೆಯೇ ನಿಮ್ಮ ಎಮ್ಮೆ ಗಬ್ಬವಾಗಿದ್ದೂ ನಿಮಗೆ ತಿಳಿಯದೆ ಅಗ್ಗಕ್ಕೆ ಮಾರಿದರೆ ಕರುವನ್ನು ಪುಕ್ಕಟೆ ಕೊಟ್ಟಂತೆ. ಕೊಳ್ಳುವ ಮುಂಚೆ, ಮಾರುವ ಮುಂಚೆ ಒಮ್ಮೆ ಪಶುವೈದ್ಯರಿಗೆ ತೋರಿಸಿ.

ಇನ್ನು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಇದರ ಹೆಸರು ಕೇಳಿದರೆ ನಿಮಗೆ ಸಂತೋಷವಾದೀತು: ಪುಣ್ಯಕೋಟಿ ಪರೀಕ್ಷೆ. ಕೊಟ್ಟ ಮಾತಿಗೆ ತಪ್ಪದ ನಮ್ಮ ಕಥೆಯ ಗೋವಿನ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಹೆಂಗಸರ ಮೂತ್ರವನ್ನು ಗೋಧಿ, ಬಾರ್ಲಿ ಕಾಳುಗಳ ಮೇಲೆ ಹಾಕಿ ಬಸಿರು ನೋಡುತ್ತಿದ್ದರು. ಇದನ್ನು ದನಗಳಿಗೆ ಅನ್ವಯಿಸಿ ಮಾಡಿದ ಪ್ರಯೋಗ 1993ರಲ್ಲಿ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಾಡುವ ಕ್ರಮ ಸುಲಭ. ಒಂದು ಪಾಲು ಮೂತ್ರಕ್ಕೆ ಹದಿನಾಲ್ಕು ಪಾಲು ಶುದ್ಧ ನೀರು ಬೆರೆಸಿ. ಒಂದು ತಟ್ಟೆಯಲ್ಲಿ ಹದಿನೈದು ಗೋಧಿ ಕಾಳು ಇಟ್ಟು ಈ ನೀರನ್ನು ಹಾಕಿ. ಇನ್ನೊಂದು ತಟ್ಟೆಯಲ್ಲಿ ಅದೇ ಚೀಲದ ಹದಿನೈದು ಕಾಳಿಗೆ ಬರಿಯ ನೀರು ಹಾಕಿ. ಐದು ದಿನ ಬಿಟ್ಟು ನೋಡಿ. ಈಜಿಪ್ಟಿನ ಹೆಂಗಸರ ಪರೀಕ್ಷೆಯಲ್ಲಿ ಕಾಳು ಮೊಳೆತರೆ ಬಸಿರು ಎಂದಿದ್ದರು. ದನದಲ್ಲಿ ಇದು ತಿರುಗುಮುರುಗು. ಗಬ್ಬವಾದ ದನದ ಮೂತ್ರದಲ್ಲಿ ಕಾಳು ಮೊಳೆಯುವುದು ಕಡಿಮೆ, ಮೊಳೆತರೂ ಮೊಳಕೆ ಗಿಡ್ಡ. ಮೊಳಕೆಯನ್ನು ತಡೆಯುವ ಅಬ್ಸಿಸಿಕ್ ಆಮ್ಲ ಗಬ್ಬದ ದನದ ಮೂತ್ರದಲ್ಲಿ ಹೆಚ್ಚಿರುವುದೇ ಇದಕ್ಕೆ ಕಾರಣವೆಂದು ಹೇಳಿದ್ದಾರೆ. ಖರ್ಚಿಲ್ಲ, ದನಕ್ಕೆ ನೋವಿಲ್ಲ. ಆದರೆ ಹುಳು ಹಿಡಿದ ಕಾಳು, ಬೆರಕೆಯಲ್ಲಿ ಹೆಚ್ಚುಕಡಿಮೆ, ಹವೆಯ ವ್ಯತ್ಯಾಸ, ಯಾವುದಾದರೂ ಒಂದಿದ್ದರೂ ಉತ್ತರ ತಪ್ಪುತ್ತದೆ. ಇದನ್ನು ಸೂಚನೆಯೆಂದು ತಿಳಿಯಿರಿ, ತೀರ್ಪೆಂದು ತಿಳಿಯಬೇಡಿ. ಹರಿಯಾಣದ ಹಿಸಾರ್‌ನ ಕೇಂದ್ರೀಯ ಎಮ್ಮೆ ಸಂಶೋಧನಾ ಸಂಸ್ಥೆಯವರೂ ಮೂತ್ರದಿಂದ ನೋಡುವ ಪ್ರೆಗ್-ಡಿ ಎಂಬ ಕಿಟ್ ಸಿದ್ಧಪಡಿಸಿದ್ದಾರೆ.

ಇಲ್ಲೊಂದು ಎಚ್ಚರಿಕೆ. ಔಷಧಿ ಅಂಗಡಿಯಲ್ಲಿ ಹೆಂಗಸರಿಗಾಗಿ ಮಾರುವ ಕಾರ್ಡಿನ ಮೇಲೆ ಎಮ್ಮೆಯ ಮೂತ್ರ ಹಾಕಿ ನೋಡಬೇಡಿ. ಆ ಕಾರ್ಡು ಹುಡುಕುವುದು ಬಸುರಿ ಹೆಣ್ಣಿನ ದೇಹದಲ್ಲಿ ಬರುವ ಎಚ್‌ಸಿಜಿ ಎಂಬ ಹಾರ್ಮೋನನ್ನು. ದನಗಳಲ್ಲಿ ಅದು ಉಂಟಾಗುವುದೇ ಇಲ್ಲ. ಒಂದೇ ಗೆರೆ ಬಂದರೆ ಎಮ್ಮೆ ಖಾಲಿ ಎಂದು ಅರ್ಥವಲ್ಲ, ಕಾರ್ಡಿನ ದುಡ್ಡು ಖಾಲಿ ಎಂದಷ್ಟೇ ಅರ್ಥ.

ಖಾಲಿ ಎಂಬ ತಪ್ಪು ತಿಳುವಳಿಕೆಯಿಂದ ಇನ್ನೂ ದೊಡ್ಡ ಅಪಾಯವಿದೆ. ಬೆದೆ ಬರಿಸಲು ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಕೊಡುವುದುಂಟು. ಗಬ್ಬವಾದ ದನಕ್ಕೆ ಅದನ್ನು ಕೊಟ್ಟರೆ ಕಂದು ಹಾಕಿಬಿಡುತ್ತದೆ. ಆದ್ದರಿಂದ ಗಬ್ಬವಿಲ್ಲ ಎಂದು ವೈದ್ಯರು ಖಚಿತಪಡಿಸದೆ ಬೆದೆಯ ಚುಚ್ಚುಮದ್ದು ಹಾಕಿಸಬೇಡಿ. ಜಂತಿನ ಔಷಧಿಯಲ್ಲೂ ಕೆಲವು ಎಳೆಯ ಗರ್ಭಕ್ಕೆ ಆಗುವುದಿಲ್ಲ. ದನಕ್ಕೆ ಹೋರಿ ಕೊಡಿಸಿದ್ದೇವೆ ಎಂಬ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗ ಅದರಿಂದ ಮನುಷ್ಯರಿಗೂ ತಗಲುತ್ತದೆ.

ಬೇಗ ನೋಡಿಸಿದ ಪರೀಕ್ಷೆಯಲ್ಲಿ ಗಬ್ಬ ಎಂದು ಬಂತು, ಇನ್ನು ನಿಶ್ಚಿಂತೆ ಎಂದುಕೊಳ್ಳುವ ಹಾಗಿಲ್ಲ. ಮೊದಲ ಎರಡು ತಿಂಗಳಲ್ಲಿ ಕೆಲವು ಗರ್ಭಗಳು ತಾವಾಗಿ ಕರಗಿಹೋಗುತ್ತವೆ. ಮೂವತ್ತನೆಯ ದಿನ ಹೌದು ಎಂದಿದ್ದರೂ ಅರವತ್ತರಿಂದ ತೊಂಬತ್ತು ದಿನದೊಳಗೆ ಮತ್ತೊಮ್ಮೆ ನೋಡಿಸಿ.

ಇದೆಲ್ಲಕ್ಕೂ ಬುನಾದಿ ತಾರೀಖು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಉದಾಹರಣೆ ಹೇಳುತ್ತೇನೆ. ಜನವರಿ 1ರಂದು ಗರ್ಭಧಾರಣೆ ಮಾಡಿಸಿದಿರಿ. ಜನವರಿ 22ರ ಹಿಂದು ಮುಂದಿನ ಮೂರು ಮೂರು ದಿನ ಬೆಳಿಗ್ಗೆ ಸಂಜೆ ಬೆದೆ ನೋಡಿ. ಸ್ಕ್ಯಾನಿಂಗ್ ಸೌಲಭ್ಯವಿದ್ದರೆ ಜನವರಿ 31ಕ್ಕೆ ಮಾಡಿಸಿ. ಇಲ್ಲದಿದ್ದರೆ ಮಾರ್ಚ್ 2ರಿಂದ ಏಪ್ರಿಲ್ 1ರೊಳಗೆ ವೈದ್ಯರಿಂದ ಕೈಪರೀಕ್ಷೆ ಮಾಡಿಸಿ. ಆಕಳಾದರೆ ಸುಮಾರು 280 ದಿನ, ಅಂದರೆ ಅಕ್ಟೋಬರ್ 8ರ ಸುಮಾರಿಗೆ ಈಯುತ್ತದೆ. ಎಮ್ಮೆಯಾದರೆ ಸುಮಾರು 310 ದಿನ, ನವೆಂಬರ್ 7ರ ಸುಮಾರಿಗೆ. ಈಯುವ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ, ಮೇವು ಹೆಚ್ಚಿಸಿ.

ಊರಿನಿಂದ ದೂರವಿರುವವರಿಗೆ ಒಂದು ಮಾತು. ಫೋನು ಮಾಡಿದಾಗ ಎಮ್ಮೆ ಹೇಗಿದೆ ಎಂದಷ್ಟೇ ಕೇಳಬೇಡಿ. ಹೋರಿ ಕೊಡಿಸಿದ ತಾರೀಖು ಯಾವುದು, ನೋಡಿಸಿದ್ದು ಯಾವಾಗ, ನೋಡಿದವರು ಯಾರು, ಈ ಮೂರನ್ನು ಕೇಳಿ ನೀವೂ ಬರೆದಿಟ್ಟುಕೊಳ್ಳಿ. ಕೊಟ್ಟಿಗೆಯ ಕೆಲಸವೆಲ್ಲ ಹೆಚ್ಚಾಗಿ ಊರಲ್ಲಿರುವ ಹೆಣ್ಣುಮಕ್ಕಳ ಕೈಯಲ್ಲಿರುತ್ತದೆ. ವೈದ್ಯರನ್ನು ಕರೆಸಲು ಅವರ ಕೈಯಲ್ಲಿ ನಾಲ್ಕು ಕಾಸೂ ಇರಲಿ, ತೀರ್ಮಾನಿಸುವ ಅಧಿಕಾರವೂ ಇರಲಿ. ಕರ್ನಾಟಕದ ಹಳ್ಳಿಯವರು ಸಂಚಾರಿ ಪಶು ಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಮಡಗಾಂವಿನ ಸುತ್ತ ದನ ಕಟ್ಟಿದವರಿಗೆ ಸೋನ್ಸೊಡೊದಲ್ಲಿ ಗೋವಾ ಸರ್ಕಾರದ ಪಶು ಆಸ್ಪತ್ರೆ ಇದೆ.

ಕೇಳುಗರೆ, ದನ ಬಾಯಿಬಿಟ್ಟು ಹೇಳುವುದಿಲ್ಲ. ದಿನ ಎಣಿಸಿ, ಬೆದೆ ನೋಡಿ, ತಕ್ಕ ಸಮಯಕ್ಕೆ ಬಲ್ಲವರಿಗೆ ತೋರಿಸಿ. ಈ ಮೂರನ್ನು ತಪ್ಪದೆ ಮಾಡಿದರೆ ನಿಮ್ಮ ಕೊಟ್ಟಿಗೆಯಲ್ಲಿ ದನ ಬಹಳ ದಿನ ಖಾಲಿ ನಿಲ್ಲುವುದಿಲ್ಲ.